ಡಿಡಿ (ಡ್ರಂಕ್ ಅಂಡ್ ಡ್ರೈವ್) ಕೇಸ್ ಆದ ಮೇಲೆ: ಕೋರ್ಟು, ಕ್ಷಮೆ ಮತ್ತು ಕುಡಿತ ಬಿಡುವ ಕೆಲಸ

ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರು ಮೊದಲು ಕೇಳುವುದು ಎರಡೇ ಪ್ರಶ್ನೆ: ಗಾಡಿ ಯಾವಾಗ ಬಿಡಿಸಬಹುದು, ದಂಡ ಎಷ್ಟು. ದಂಡದ ಲೆಕ್ಕವೂ ಗಾಡಿ ಬಿಡಿಸಲು ಹೋಗುವಾಗ ನೆನಪಿಡಬೇಕಾದದ್ದೂ ಕೆಳಗಿದೆ. ಆದರೆ ದಂಡ ಕಟ್ಟಿ ಗಾಡಿ ಬಿಡಿಸಿಕೊಂಡು ಬಂದ ಸಂಜೆ ಹೆಚ್ಚಿನವರು ಮಾಡುವ ಸಂಕಲ್ಪ ಒಂದಿದೆ: "ಇನ್ಮೇಲೆ ಗಾಡಿ ತಂದ ದಿನ ಕುಡಿಯಲ್ಲ." ಕೇಳಲು ಚೆನ್ನಾಗಿದೆ. ಅಪರೂಪಕ್ಕೊಮ್ಮೆ ಕುಡಿಯುವವರಿಗೆ ಅದು ಸಾಕಾಗಲೂಬಹುದು. ವಾರಕ್ಕೆ ಮೂರು ನಾಲ್ಕು ಸಲ ಕುಡಿಯುವವರಿಗೆ, ಒಂದಕ್ಕಿಂತ ಹೆಚ್ಚು ಸಲ ಕುಡಿದು ಓಡಿಸಿದವರಿಗೆ ಅದು ಸಾಕಾಗುವುದಿಲ್ಲ. ಕೀ ಕೈಗೆತ್ತಿಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವ ಹೊತ್ತಿಗೆ ಎರಡು ಪೆಗ್ ಒಳಗೆ ಹೋಗಿರುತ್ತದೆ, ಮತ್ತು ಆ ತೀರ್ಮಾನ ಮಾಡುವುದು ಆ ಎರಡು ಪೆಗ್ಗೇ. ಅಂಥವರಿಗೆ ಪೂರ್ತಿ ಬಿಡುವುದೇ ಸುಲಭದ ದಾರಿ. ಮೊದಲ ಗ್ಲಾಸಿಗೆ ಮುಂಚೆ ಒಂದೇ ತೀರ್ಮಾನ, ಅಷ್ಟೆ.

ಮೊದಲು ಲೆಕ್ಕ ಸರಿಯಾಗಿ ತಿಳಿಯಿರಿ

ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅಪರಾಧ. ಈ 30 ಎಂದರೆ ಎಷ್ಟು ಎಂಬ ಅಂದಾಜು ಕುಡಿಯುವವರಲ್ಲಿ ಬಹುತೇಕರಿಗೆ ಇರುವುದಿಲ್ಲ. ಇಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂಡಿಯಲ್ಲಿ ಆಲ್ಕೋಹಾಲ್ ಪ್ರಮಾಣ ಶೇ. 42.8. ಅಂದರೆ 30 ಮಿಲಿಯ ಒಂದು ಸಣ್ಣ ಪೆಗ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. 90 ಮಿಲಿಯ ಒಂದು ನೈಂಟಿ ಪ್ಯಾಕೆಟ್‌ನಲ್ಲಿ 30 ಗ್ರಾಂ, 180 ಮಿಲಿಯ ಒಂದು ಕ್ವಾರ್ಟರ್‌ನಲ್ಲಿ 60 ಗ್ರಾಂ. 650 ಮಿಲಿಯ ಸ್ಟ್ರಾಂಗ್ ಬಿಯರ್ ಶೇ. 8ರದ್ದಾದರೆ ಅದರಲ್ಲಿ ಸುಮಾರು 40 ಗ್ರಾಂ. "ಬಿಯರ್ ತಾನೇ" ಎನ್ನುವವರು ಗಮನಿಸಬೇಕು: ಒಂದು ಸ್ಟ್ರಾಂಗ್ ಬಿಯರ್ ಒಂದು ನೈಂಟಿಗಿಂತ ಜಾಸ್ತಿ.

70 ಕೆ.ಜಿ. ತೂಕದ ಗಂಡಸು ಒಂದು ನೈಂಟಿ ಹಾಕಿದರೆ ರಕ್ತದ ಮಟ್ಟ 60ರ ಆಸುಪಾಸಿಗೆ ಏರುತ್ತದೆ. ಕಾನೂನಿನ ಮಿತಿಯ ಎರಡು ಪಟ್ಟು. ಕ್ವಾರ್ಟರ್‌ಗೆ 125 ದಾಟುತ್ತದೆ. ತೂಕ ಕಡಿಮೆ ಇದ್ದರೆ, ಹೆಂಗಸರಾದರೆ ಇನ್ನೂ ಹೆಚ್ಚು. ಹೊಟ್ಟೆ ತುಂಬ ಉಂಡಿದ್ದರೆ ಏರುವುದು ನಿಧಾನವಾಗುತ್ತದೆ, ತುದಿಯ ಮಟ್ಟವೂ ಸ್ವಲ್ಪ ತಗ್ಗುತ್ತದೆ. ಮಿತಿಯೊಳಗೆ ಬರುವಷ್ಟೇನೂ ಅಲ್ಲ.

ಇಳಿಯುವ ಲೆಕ್ಕದಲ್ಲೇ ಜನ ಮೋಸ ಹೋಗುವುದು. ಲಿವರ್ ಗಂಟೆಗೆ ಸುಮಾರು 15 ಮಿಲಿಗ್ರಾಂನಷ್ಟು ಮಾತ್ರ ಇಳಿಸುತ್ತದೆ. ಕೆಲವರಲ್ಲಿ 10, ಕೆಲವರಲ್ಲಿ 20. ರಾತ್ರಿ 8ಕ್ಕೆ ಶುರು ಮಾಡಿ 12ರ ತನಕ ಎರಡು ಕ್ವಾರ್ಟರ್ ಮುಗಿಸಿದವರ ರಕ್ತದಲ್ಲಿ ಮರುದಿನ ಬೆಳಗ್ಗೆ 8ಕ್ಕೂ 75ರಷ್ಟು ಉಳಿದಿರುತ್ತದೆ. 30ಕ್ಕೆ ಇಳಿಯುವ ಹೊತ್ತಿಗೆ 11 ಗಂಟೆ. ಸ್ನಾನ ಮಾಡಿ, ಇಡ್ಲಿ ತಿಂದು, ಇಸ್ತ್ರಿ ಅಂಗಿ ಹಾಕಿಕೊಂಡು ಮಗುವನ್ನು ಸ್ಕೂಲಿಗೆ ಬಿಡಲು ಸ್ಕೂಟರ್ ಏರಿದವರೂ ಕುಡಿದು ಓಡಿಸುತ್ತಿರುವವರೇ. ಬೆಳಗಿನ ಪಾಳಿಯ ಕ್ಯಾಬ್, ಶಾಲಾ ವಾಹನ, ಲಾರಿ ಚಾಲಕರಿಗೆ ಈ ಲೆಕ್ಕ ಹೊಟ್ಟೆಪಾಡಿನ ಪ್ರಶ್ನೆ. ನಿಂಬೆರಸ, ಸ್ಟ್ರಾಂಗ್ ಕಾಫಿ, ಮಜ್ಜಿಗೆ, ತಣ್ಣೀರು ಸ್ನಾನ, ವಾಂತಿ ಯಾವುದೂ ಈ ವೇಗ ಹೆಚ್ಚಿಸುವುದಿಲ್ಲ. ಬೀಡಾ, ಏಲಕ್ಕಿ ವಾಸನೆ ಮುಚ್ಚಬಹುದು. ಪೊಲೀಸರು ಊದಿಸುವ ಯಂತ್ರ ಅಳೆಯುವುದು ಬಾಯಿಯ ವಾಸನೆಯನ್ನಲ್ಲ, ಶ್ವಾಸಕೋಶದ ಆಳದಿಂದ ಬರುವ ಗಾಳಿಯಲ್ಲಿರುವ ಆಲ್ಕೋಹಾಲನ್ನು.

ಈಗ ಹಿಂದಿನದನ್ನು ಲೆಕ್ಕ ಹಾಕಿ. ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ 30 ದಾಟಿದ ಸ್ಥಿತಿಯಲ್ಲಿ ಓಡಿಸಿದ್ದೀರಿ, ಬೆಳಗಿನದ್ದೂ ಸೇರಿಸಿ ಒಂದು ಹಾಳೆಯಲ್ಲಿ ಬರೆಯಿರಿ. ಎಲ್ಲಿಂದ ಎಲ್ಲಿಗೆ, ಹಿಂದೆ ಯಾರು ಕೂತಿದ್ದರು. ಸಿಕ್ಕಿಬಿದ್ದದ್ದು ಒಂದು ಸಲವಾದರೆ ಪಟ್ಟಿ ಸಾಮಾನ್ಯವಾಗಿ ಅದಕ್ಕಿಂತ ತುಂಬ ಉದ್ದ ಇರುತ್ತದೆ. ಈ ಹಾಳೆಯನ್ನು ಯಾರಿಗೂ ತೋರಿಸಬೇಕಿಲ್ಲ, ಫೋನಿನಲ್ಲಿ ಇಟ್ಟುಕೊಳ್ಳಲೂ ಬೇಡಿ. ವಕೀಲರನ್ನೋ ವೈದ್ಯರನ್ನೋ ಕಾಣುವಾಗ ಬೇಕಾಗುತ್ತದೆ.

ಏಕಾಏಕಿ ಬಿಡುವ ಮುಂಚೆ

"ನಾಳೆಯಿಂದ ಒಂದು ತೊಟ್ಟೂ ಮುಟ್ಟಲ್ಲ" ಎಂದು ಬೀಗ ಹಾಕಿಕೊಂಡು ಮಲಗುವುದು ಎಲ್ಲರಿಗೂ ಸುರಕ್ಷಿತವಲ್ಲ. ದಿನವೂ ಕುಡಿಯುವವರ ಮೆದುಳು ಆಲ್ಕೋಹಾಲಿನ ಮಂಪರಿಗೆ ಎದುರಾಗಿ ತನ್ನನ್ನು ಹೆಚ್ಚು ಚುರುಕಾಗಿಸಿಕೊಂಡಿರುತ್ತದೆ. ಕುಡಿತ ತಟ್ಟನೆ ನಿಂತರೆ ಆ ಚುರುಕು ಹಿಡಿತ ತಪ್ಪುತ್ತದೆ. ಕೊನೆಯ ಪೆಗ್ ಆಗಿ 6ರಿಂದ 8 ಗಂಟೆಗೆ ಕೈ ನಡುಕ, ಬೆವರು, ವಾಕರಿಕೆ, ಎದೆ ಡವಗುಟ್ಟುವುದು ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ. ಎರಡನೇ ದಿನದಿಂದ ನಾಲ್ಕನೇ ದಿನದ ಮಧ್ಯೆ ಕೆಲವರಿಗೆ ಜ್ವರ, ದಿಕ್ಕು ತೋಚದಂಥ ಗಲಿಬಿಲಿ, ಗೋಡೆಯ ಮೇಲೆ ಹುಳ ಹರಿದಂತೆ ಕಾಣುವುದು, ಇಲ್ಲದ ದನಿ ಕೇಳುವುದು ಆಗುತ್ತದೆ. ಮನೆಯವರು ಇದನ್ನು ಗಾಳಿ ಸೋಕಿದ್ದೆಂದು ಮಂತ್ರ ಹಾಕಿಸಲು ಕರೆದೊಯ್ಯುವುದುಂಟು. ಇದು ಡೆಲಿರಿಯಂ ಟ್ರೆಮೆನ್ಸ್. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಕುತ್ತು. ತಡಮಾಡದೆ 108ಕ್ಕೆ ಕರೆ ಮಾಡಿ.

ಬೆಳಗ್ಗೆ ಎದ್ದ ಕೂಡಲೇ ನಡುಕ ನಿಲ್ಲಿಸಲು ಕುಡಿಯುವವರು, ದಿನಕ್ಕೆ ಕ್ವಾರ್ಟರ್ ಅಥವಾ ಹೆಚ್ಚು ತಿಂಗಳುಗಟ್ಟಲೆ ಹಾಕುತ್ತಿರುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು, ಲಿವರ್ ಅಥವಾ ಹೃದಯದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರ ನಿಗಾ ಇಲ್ಲದೆ ತಟ್ಟನೆ ನಿಲ್ಲಿಸಬಾರದು. ಅಯ್ಯಪ್ಪನ ಮಾಲೆ ಹಾಕುವ ದಿನವೇ ನಿಲ್ಲಿಸುವವರಿಗೂ ಇದು ಅನ್ವಯ. ಮಾಲೆಗೆ ಎರಡು ವಾರ ಮುಂಚೆಯೇ ವೈದ್ಯರನ್ನು ಕಾಣುವುದು ಕ್ಷೇಮ.

ಇಲ್ಲಿ ಪದೇಪದೇ ಆಗುವ ಎಡವಟ್ಟು ಒಂದಿದೆ. ನಡುಕ ಬಂದವರನ್ನು ಹತ್ತಿರದ ಕ್ಲಿನಿಕ್‌ಗೆ ಕರೆದೊಯ್ದು "ಒಂದು ಗ್ಲೂಕೋಸ್ ಬಾಟಲಿ ಹಾಕಿ" ಎನ್ನುವುದು. ಬಹುಕಾಲ ಕುಡಿದವರ ದೇಹದಲ್ಲಿ ವಿಟಮಿನ್ ಬಿ1, ಅಂದರೆ ಥಯಾಮಿನ್, ಬರಿದಾಗಿರುತ್ತದೆ. ಗ್ಲೂಕೋಸ್ ಕರಗಿಸಲು ಉಳಿದ ಚೂರುಪಾರು ಬಿ1 ಕೂಡ ಖರ್ಚಾಗಿ ಮೆದುಳಿಗೆ ಏಟು ಬೀಳಬಹುದು: ಕಣ್ಣು ಓಲಾಡುವುದು, ನಡಿಗೆ ತಪ್ಪುವುದು, ಕೊನೆಗೆ ಮರಳಿ ಬಾರದ ಮರೆವು. ಥಯಾಮಿನ್ ಚುಚ್ಚುಮದ್ದು ಮೊದಲು, ಗ್ಲೂಕೋಸ್ ಆಮೇಲೆ. ಡ್ರಿಪ್ ಹಾಕುವವರನ್ನು "ಬಿ1 ಕೊಟ್ಟಿದ್ದೀರಾ ಸಾರ್" ಎಂದು ಕೇಳಲು ಸಂಕೋಚ ಬೇಡ.

ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಲೊರಾಜೆಪಾಮ್ ಕೊಟ್ಟು, ಒಂದು ವಾರದ ಆಸುಪಾಸಿನಲ್ಲಿ ಪ್ರಮಾಣ ಇಳಿಸುತ್ತ ನಿಲ್ಲಿಸುತ್ತಾರೆ. ನಿದ್ದೆ ಬರುವುದಿಲ್ಲವೆಂದು ಮೆಡಿಕಲ್ ಶಾಪಿನಿಂದ ಅಲ್ಪ್ರಾಜೋಲಾಮ್ ತಂದು ತಿಂಗಳುಗಟ್ಟಲೆ ನುಂಗಿದರೆ ಬಾಟಲಿಯ ಜಾಗಕ್ಕೆ ಮಾತ್ರೆ ಬಂದು ಕೂರುತ್ತದೆ. ಆ ಮಾತ್ರೆಯ ಮಂಪರಿನಲ್ಲಿ ಓಡಿಸುವುದೂ 185ನೇ ಕಲಮಿನ ಕೆಳಗೇ ಬರುತ್ತದೆ.

ಎಲ್ಲಿಗೆ ಹೋಗುವುದು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹೊರರೋಗಿ ವಿಭಾಗದಲ್ಲೂ ಈ ಚಿಕಿತ್ಸೆ ಶುರು ಮಾಡಬಹುದು. ಫೋನಿನಲ್ಲಿ ಮಾತಾಡಬೇಕಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416. ಟೆಲಿ ಮನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಖಾಸಗಿ "ರಿಹ್ಯಾಬ್" ಆಯ್ದುಕೊಳ್ಳುವುದಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯೇ, ಮನೋವೈದ್ಯರು ವಾರಕ್ಕೆ ಎಷ್ಟು ದಿನ ಬರುತ್ತಾರೆ, ಮನೆಯವರು ಭೇಟಿ ಮಾಡಬಹುದೇ ಎಂದು ಕೇಳಿ. ರಾತ್ರೋರಾತ್ರಿ ನಾಲ್ಕು ಜನ ಬಂದು ವ್ಯಾನಿಗೆ ಹಾಕಿಕೊಂಡು ಹೋಗುವ, ಫೋನ್ ಕಿತ್ತುಕೊಳ್ಳುವ, ಹೊಡೆಯುವ ಜಾಗಗಳಿವೆ. ಅದು ಚಿಕಿತ್ಸೆಯಲ್ಲ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಉಲ್ಲಂಘನೆ. ಆರೋಗ್ಯ ವಿಮೆ ಇದ್ದವರು ಪಾಲಿಸಿಯ ಹೊರಗಿಟ್ಟ ಪಟ್ಟಿ ಓದಿಕೊಳ್ಳಿ, ಮದ್ಯವ್ಯಸನದ ಚಿಕಿತ್ಸೆ ಬಹಳಷ್ಟು ಪಾಲಿಸಿಗಳಲ್ಲಿ ಆ ಪಟ್ಟಿಯಲ್ಲೇ ಇರುತ್ತದೆ.

ನಿಮ್ಮದು ಯಾವ ಹಂತ ಎಂದು ಗೊತ್ತಾಗದಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಪ್ರಶ್ನಾವಳಿ ಕೇಳಿ ಪಡೆಯಿರಿ. 10 ಪ್ರಶ್ನೆ, ಒಟ್ಟು 40 ಅಂಕ. 8 ಅಥವಾ ಹೆಚ್ಚು ಬಂದರೆ ಅಪಾಯದ ಕುಡಿತ. 20 ಮುಟ್ಟಿದರೆ ಅವಲಂಬನೆ ಇರುವ ಸಾಧ್ಯತೆ ಹೆಚ್ಚು, ತಜ್ಞರನ್ನು ಕಾಣಲೇಬೇಕು. ಉತ್ತರಿಸುವಾಗ ಹೆಂಡತಿಯನ್ನೋ ಅಣ್ಣನನ್ನೋ ಪಕ್ಕದಲ್ಲಿ ಕೂರಿಸಿಕೊಂಡರೆ ಅಂಕ ನಿಜಕ್ಕೆ ಹತ್ತಿರ ಬರುತ್ತದೆ.

ಕೋರ್ಟಿನ ಕೆಲಸ

ಇದು ಸ್ಥಳದಲ್ಲೇ ದಂಡ ಕಟ್ಟಿ ಮುಗಿಸುವ ಕೇಸಲ್ಲ. ಹೆಲ್ಮೆಟ್, ಸಿಗ್ನಲ್‌ನಂತೆ ಇದನ್ನು ಪೊಲೀಸರು ರಾಜಿ ಮಾಡಿ ಮುಗಿಸಲು ಕಾನೂನಿನಲ್ಲಿ ಅವಕಾಶವಿಲ್ಲ, ನ್ಯಾಯಾಲಯಕ್ಕೇ ಹೋಗಬೇಕು. "ಇಲ್ಲೇ ಮುಗಿಸೋಣ" ಎಂದು ಯಾರಾದರೂ ಹೇಳಿದರೆ ಅದು ಲಂಚ; ಕೊಡುವುದೂ ಅಪರಾಧ. ಊದಲು ನಿರಾಕರಿಸಿದರೆ ಬಚಾವಾಗಬಹುದೆಂಬ ನಂಬಿಕೆಯೂ ತಪ್ಪು. ಬಂಧಿಸಿ ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಬಹುದು, ನಿರಾಕರಣೆಯೇ ನಿಮಗೆ ವಿರುದ್ಧವಾದ ಸಾಕ್ಷ್ಯಕ್ಕೆ ಬಲ ಕೊಡುತ್ತದೆ.

2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ₹10,000 ದಂಡ ಅಥವಾ 6 ತಿಂಗಳವರೆಗೆ ಜೈಲು ಅಥವಾ ಎರಡೂ. ಎರಡನೇ ಸಲಕ್ಕೆ ₹15,000 ಅಥವಾ 2 ವರ್ಷದವರೆಗೆ ಜೈಲು ಅಥವಾ ಎರಡೂ. ಇದರ ಜೊತೆಗೆ ಪೊಲೀಸರು ಲೈಸೆನ್ಸ್ ಜಪ್ತಿ ಮಾಡಿ ಆರ್‌ಟಿಒಗೆ ಕಳಿಸಬಹುದು. ನಿಮ್ಮ ಮಾತು ಕೇಳಿದ ಮೇಲೆ ಮೊದಲ ಅಪರಾಧಕ್ಕೆ ಮೂರು ತಿಂಗಳು ಅಮಾನತು, ಮತ್ತೆ ಮಾಡಿದರೆ ರದ್ದು. ಅಮಾನತಿನ ಅವಧಿಯಲ್ಲಿ "ಇಲ್ಲೇ ಅಂಗಡಿ ತನಕ" ಎಂದು ಓಡಿಸಿದರೂ ಅದು ಬೇರೆಯೇ ಅಪರಾಧ: ₹10,000 ದಂಡ, ಮೂರು ತಿಂಗಳವರೆಗೆ ಜೈಲು ಸಾಧ್ಯ.

ಕೈಯಲ್ಲಿ ಇಟ್ಟುಕೊಳ್ಳಬೇಕಾದವು: ಯಂತ್ರದಿಂದ ಬಂದ ಚೀಟಿಯ ಪ್ರತಿ, ಪೊಲೀಸರು ಕೊಟ್ಟ ನೋಟಿಸ್, ಆರ್‌ಸಿ, ವಿಮೆ, ಹೊಗೆ ಪರೀಕ್ಷೆಯ ಪ್ರಮಾಣಪತ್ರ, ಗುರುತಿನ ಚೀಟಿ. ಯಂತ್ರದ ಚೀಟಿ ಶಾಖದ ಕಾಗದದ್ದಾದರೆ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಅವತ್ತೇ ಫೋಟೋ ತೆಗೆದಿಡಿ. ಗಾಡಿ ಬಿಡಿಸಲು ಹೋಗುವಾಗ ಚಾಲ್ತಿ ಲೈಸೆನ್ಸ್ ಇರುವ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ. ನಿಮ್ಮ ಲೈಸೆನ್ಸ್ ಜಪ್ತಿಯಾಗಿದ್ದರೆ ನೀವೇ ಓಡಿಸಿಕೊಂಡು ಬರುವಂತಿಲ್ಲ.

ಹಳೆಯ ಕೇಸು, ಹಾಜರಾಗದೆ ಬಿಟ್ಟದ್ದು, ಇದ್ದರೆ ಅದು ತಾನಾಗಿ ಸತ್ತಿರುವುದಿಲ್ಲ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆ (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ), ಇಲ್ಲವೇ ಕೇಸ್ ನಂಬರ್, ಹೆಸರು ಹಾಕಿ ಹುಡುಕಿ. ವಾರಂಟ್ ಆಗಿದ್ದರೆ ವಕೀಲರ ಮೂಲಕ ತಾವಾಗಿ ಹಾಜರಾಗಿ ಅದನ್ನು ಹಿಂಪಡೆಯಲು ಅರ್ಜಿ ಹಾಕುವುದು, ಪೊಲೀಸರು ಮನೆ ಬಾಗಿಲಿಗೆ ಬರುವವರೆಗೆ ಕಾಯುವುದಕ್ಕಿಂತ ಯಾವತ್ತೂ ಮೇಲು. ವಕೀಲರಿಗೆ ಹಣವಿಲ್ಲದವರು ಕಾನೂನು ಸೇವೆಗಳ ಪ್ರಾಧಿಕಾರದ 15100ಕ್ಕೆ ಕರೆ ಮಾಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರಿಗೆ ಉಚಿತ ನೆರವು ಸಿಗುತ್ತದೆ.

ತಪ್ಪೊಪ್ಪಿಕೊಳ್ಳುವುದು ಸರಿ, ಆದರೆ ಏನನ್ನು ಒಪ್ಪಿಕೊಳ್ಳುತ್ತಿದ್ದೀರಿ ಎಂದು ಓದಿ ಒಪ್ಪಿಕೊಳ್ಳಿ. ಬರೀ 185 ಇದ್ದರೆ ಒಂದು ಮಾತು. ಯಾರಿಗಾದರೂ ಪೆಟ್ಟಾಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಕಲಮುಗಳು ಸೇರಿರುತ್ತವೆ; ಸಾವಾಗಿದ್ದರೆ ನಿರ್ಲಕ್ಷ್ಯದಿಂದಾದ ಸಾವಿನ 106ನೇ ಕಲಮಷ್ಟೇ ಅಲ್ಲ, ಕುಡಿದಿದ್ದ ಕಾರಣಕ್ಕೆ ಅದಕ್ಕಿಂತ ಭಾರಿಯಾದ 105 ಬರುವ ಸಾಧ್ಯತೆಯೂ ಇದೆ. ಅಲ್ಲಿ ವಕೀಲರಿಲ್ಲದೆ ಒಂದು ಸಹಿಯೂ ಬೇಡ. ಸಹಾಯಕ ಗುಂಪಿನಲ್ಲಿ, ಶಿಬಿರದಲ್ಲಿ ಮನಸ್ಸು ಬಿಚ್ಚಿ ಮಾತಾಡಿ. ಆದರೆ ನಡೆಯುತ್ತಿರುವ ಕೇಸಿನ ವಿವರ ವಕೀಲರ ಹತ್ತಿರ ಮಾತ್ರ. ಗೋಪ್ಯತೆಗೆ ಕಾನೂನಿನ ರಕ್ಷಣೆ ಇರುವುದು ಅಲ್ಲಿ.

ವಿಮೆಯ ಬಗ್ಗೆ: ಕುಡಿದು ಓಡಿಸಿದಾಗ ಆದ ನಿಮ್ಮ ಗಾಡಿಯ ನಷ್ಟಕ್ಕೆ ಕಂಪನಿ ಹಣ ಕೊಡುವುದಿಲ್ಲ. ಗಾಯಗೊಂಡವರಿಗೆ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶವಾಗುವುದುಂಟು. ಗಾಡಿ ಭಾವನ ಹೆಸರಲ್ಲಿದ್ದರೆ ಆ ನೋಟಿಸ್ ಹೋಗುವುದು ಭಾವನಿಗೆ. ಅವರಿಗೆ ಈಗಲೇ ಹೇಳಿ.

ವಿದೇಶಕ್ಕೆ ಹೋಗುವವರು ವೀಸಾ ಅರ್ಜಿಯಲ್ಲಿ ಬಂಧನ, ಶಿಕ್ಷೆಯ ಬಗ್ಗೆ ಕೇಳಿದಾಗ ಮುಚ್ಚಿಡಬಾರದು. ಮುಚ್ಚಿಟ್ಟದ್ದು ಹೊರಬಿದ್ದರೆ ಮೂಲ ಕೇಸಿಗಿಂತ ಅದೇ ದೊಡ್ಡ ತೊಡಕು.

ನೊಂದವರ ಮುಂದೆ ನಿಲ್ಲುವುದು

ಅಪಘಾತವಾಗಿ ಕೇಸು ನಡೆಯುತ್ತಿದ್ದರೆ ಗಾಯಾಳುವಿನ ಮನೆಗೆ ನೇರವಾಗಿ ಹೋಗಬೇಡಿ, ಊರ ಹಿರಿಯರನ್ನು ಕಳಿಸಬೇಡಿ. ನಿಮ್ಮ ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಸಾಕ್ಷಿಯ ಮೇಲೆ ಒತ್ತಡ ತಂದಂತೆ ಕಾಣುತ್ತದೆ, ಜಾಮೀನೂ ರದ್ದಾಗಬಹುದು. ಚಿಕಿತ್ಸೆಯ ಖರ್ಚಿಗೆ ಹಣ ಕೊಡುವ ಇಚ್ಛೆ ಇದ್ದರೆ ವಕೀಲರ ಮೂಲಕ, ಬ್ಯಾಂಕ್ ಮೂಲಕ, ರಸೀದಿ ಇಟ್ಟುಕೊಂಡು ಕೊಡಿ. ಪರಿಹಾರದ ಅರ್ಜಿಗಳನ್ನು ಲೋಕ ಅದಾಲತ್‌ನಲ್ಲಿ ಇತ್ಯರ್ಥ ಮಾಡಿಕೊಳ್ಳಬಹುದು, ಅಲ್ಲಿ ಮುಖಾಮುಖಿ ಕೂರುವ ಅವಕಾಶವೂ ಸಿಗಬಹುದು.

ಮನೆಯವರ ವಿಷಯ ಬೇರೆ. ಗಾಡಿಯ ಹಿಂದೆ ಕೂತು ಜೀವ ಕೈಯಲ್ಲಿ ಹಿಡಿದು ಬಂದವರು ಅವರು. ಕ್ಷಮೆ ಕೇಳುವ ಮುಂಚೆ ಕನಿಷ್ಠ ಎರಡು ವಾರ ಕುಡಿಯದೆ ಇರಿ. ಮೊದಲ ವಾರದ ಅಳು, ಆಣೆ ಎಲ್ಲ ಅರ್ಧ ದೇಹದ ಗಲಿಬಿಲಿ. ಆಮೇಲೆ ಹೀಗೆ ಹೇಳಬಹುದು: "ಗೌರಿ ಹಬ್ಬದ ದಿನ ನಾನು ಕುಡಿದು ನಿನ್ನನ್ನೂ ಮಗುವನ್ನೂ ಕೂರಿಸ್ಕೊಂಡು ಬಂದೆ. ನೀನು ಬೇಡ ಅಂದೆ, ನಾನು ಬೈದೆ. ತಪ್ಪು ನಂದು. ಕೀ ಇನ್ನು ನಿನ್ನ ಹತ್ರ ಇರ್ಲಿ." ದಿನ, ಸಂಗತಿ, ನಿಮ್ಮ ಕೆಲಸ, ಈಗ ಬದಲಾಗುವುದು ಏನು. ಅಷ್ಟು ಸಾಕು. "ಏನೋ ಆಗೋಯ್ತು", "ಅವತ್ತು ಫ್ರೆಂಡ್ಸ್ ಬಲವಂತ", "ನೀನೂ ಸ್ವಲ್ಪ ಅರ್ಥ ಮಾಡ್ಕೋಬೇಕಿತ್ತು" ಇವು ಸೇರಿದ ಕ್ಷಣ ಕ್ಷಮೆ ಜಗಳವಾಗುತ್ತದೆ. ಅವರು ಮಾತಾಡಿದರೆ ಕೇಳಿ. ಕ್ಷಮಿಸಬೇಕೆಂದು ಕೇಳಬೇಡಿ, ಅದು ಅವರಿಗೆ ಬಿಟ್ಟದ್ದು.

ಮಗುವಿನ ತಲೆ ಮುಟ್ಟಿ, ಮಂಜುನಾಥನ ಮೇಲೆ ಆಣೆ ಮಾಡಿಸುವ ಪದ್ಧತಿ ಇದೆ. ಕೆಲವರಿಗೆ ಅದು ನೆರವಾಗುವುದೂ ನಿಜ. ಆದರೆ ಆಣೆ ಒಮ್ಮೆ ಮುರಿದರೆ ಮನುಷ್ಯ ಭಯಕ್ಕೆ ಮುಚ್ಚಿಡಲು ಶುರು ಮಾಡುತ್ತಾನೆ, ಮುಚ್ಚಿಡುವವನು ಒಂದಕ್ಕೆ ನಾಲ್ಕು ಕುಡಿಯುತ್ತಾನೆ. ಆಣೆಯ ಬದಲು "ಎಡವಿದರೆ ಅದೇ ದಿನ ಹೇಳುತ್ತೇನೆ" ಎಂಬ ಮಾತು ತೆಗೆದುಕೊಳ್ಳಿ. ಮನೆಯವರೂ ಆ ದಿನ ಬೈಯುವುದಿಲ್ಲ, ಮರುದಿನ ವೈದ್ಯರ ಬಳಿ ಜೊತೆಗೆ ಬರುತ್ತೇವೆ ಎಂದು ಮಾತು ಕೊಡಬೇಕು.

ಮಾತ್ರೆಗಳ ಬಗ್ಗೆ ಎರಡು ಮಾತಲ್ಲ, ಸ್ವಲ್ಪ ಹೆಚ್ಚೇ

ಇಚ್ಛಾಶಕ್ತಿ ಸಾಕು, ಮಾತ್ರೆ ಯಾಕೆ ಎನ್ನುವವರು ಬಿಪಿಗೆ ಮಾತ್ರೆ ತಿನ್ನುತ್ತಾರೆ. ವೈದ್ಯರು ಸಾಮಾನ್ಯವಾಗಿ ಬರೆಯುವುದು ಮೂರು. ನಾಲ್ಟ್ರೆಕ್ಸೋನ್, ದಿನಕ್ಕೆ 50 ಮಿ.ಗ್ರಾಂ: ಕುಡಿತದ ಖುಷಿಯನ್ನೇ ಸಪ್ಪೆ ಮಾಡುತ್ತದೆ. ಲಿವರ್ ಪರೀಕ್ಷೆ ಆಗಿರಬೇಕು, ಟ್ರಮಡಾಲ್‌ನಂಥ ನೋವಿನ ಮಾತ್ರೆ ಜೊತೆಗೆ ಕೂಡದು. ಅಕಾಂಪ್ರೊಸೇಟ್, 333 ಮಿ.ಗ್ರಾಂನ ಎರಡೆರಡು ಮಾತ್ರೆ ದಿನಕ್ಕೆ ಮೂರು ಹೊತ್ತು: ಬಿಟ್ಟವರ ಚಡಪಡಿಕೆ ತಗ್ಗಿಸುತ್ತದೆ. ಕಿಡ್ನಿ ಸರಿ ಇರಬೇಕು, ಮತ್ತು ಮಧ್ಯಾಹ್ನದ ಡೋಸ್ ಮರೆಯುವುದೇ ಇದರ ದೊಡ್ಡ ತೊಂದರೆ.

ಮೂರನೆಯದು ಡೈಸಲ್ಫಿರಾಮ್, ಸಾಮಾನ್ಯವಾಗಿ ದಿನಕ್ಕೆ 250 ಮಿ.ಗ್ರಾಂ. ಇದನ್ನು ತಿಂದು ಕುಡಿದರೆ ಮುಖ ಕೆಂಪೇರಿ, ತಲೆ ಸಿಡಿದು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದವರು ಸಾಯಲೂಬಹುದು. ಕೊನೆಯ ಪೆಗ್ ಆಗಿ ಕನಿಷ್ಠ 12 ಗಂಟೆ ಕಳೆದಿರಬೇಕು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಪರಿಣಾಮ ಉಳಿಯುತ್ತದೆ. ಭೇದಿಗೆ, ಹಲ್ಲುನೋವಿಗೆ ಕೊಡುವ ಮೆಟ್ರೋನಿಡಜೋಲ್ ಇದರ ಜೊತೆ ಬೇಡವೇ ಬೇಡ. ಕೆಮ್ಮಿನ ಸಿರಪ್, ಕೆಲವು ಟಾನಿಕ್, ಮೌತ್‌ವಾಶ್ ಲೇಬಲ್ ಓದಿ. ಆಯುರ್ವೇದದ ದ್ರಾಕ್ಷಾರಿಷ್ಟ, ದಶಮೂಲಾರಿಷ್ಟ, ಎಲ್ಲ ಆಸವ ಅರಿಷ್ಟಗಳಲ್ಲೂ ಹುದುಗಿನಿಂದ ಹುಟ್ಟಿದ ಆಲ್ಕೋಹಾಲ್ ಇರುತ್ತದೆ. ಜೀರ್ಣಕ್ಕೆಂದು ಅಜ್ಜಿ ಕೊಟ್ಟ ಎರಡು ಚಮಚವೂ ಈ ಮಾತ್ರೆಯ ಮೇಲೆ ಎಡವಟ್ಟು ಮಾಡಬಹುದು.

"ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ" ಎಂಬ ಪುಡಿಗಳ ಜಾಹೀರಾತು ಬಸ್‌ಸ್ಟ್ಯಾಂಡ್ ಗೋಡೆಯಿಂದ ಹಿಡಿದು ಫೋನಿನ ತನಕ ಇದೆ. ಅದರಲ್ಲಿ ಏನಿದೆ ಎಂದು ತಿಳಿಯುವ ದಾರಿ ಇಲ್ಲ. ಡೈಸಲ್ಫಿರಾಮನ್ನೇ ಆಗಲಿ, ಗೊತ್ತಿಲ್ಲದಂತೆ ಸಾರಿಗೆ ಬೆರೆಸಿದರೆ ಆ ಮನುಷ್ಯ ಎಂದಿನಂತೆ ಬಾರಿಗೆ ಹೋಗಿ ಕುಡಿದು, ಬೈಕ್ ಮೇಲೆ ಬರುವಾಗ ಕುಸಿಯಬಹುದು. ಅಕ್ಕತಂಗಿಯರು, ತಾಯಂದಿರು ಬೇಸತ್ತು ಮಾಡುವ ಕೆಲಸವಿದು, ಬೇಸರ ಅರ್ಥವಾಗುತ್ತದೆ. ಆದರೂ ಬೇಡ.

ಮೊದಲ ಮೂರು ತಿಂಗಳ ವ್ಯವಸ್ಥೆ

ಕೀ ಮನೆಯಲ್ಲಿ ಇನ್ನೊಬ್ಬರ ಬಳಿ ಇರಲಿ. ಸ್ಪೇರ್ ಕೀಯೂ ಸೇರಿ. ಅದನ್ನು ಮರೆಯುವವರೇ ಹೆಚ್ಚು. ಕೆಲಸಕ್ಕೆ ಬಸ್ಸು, ಮೆಟ್ರೋ, ಸಹೋದ್ಯೋಗಿಯ ಗಾಡಿ. ದಾರಿಯಲ್ಲಿ ನಿಮ್ಮ ಖಾಯಂ ವೈನ್ ಶಾಪ್ ಇದ್ದರೆ ಒಂದು ಸ್ಟಾಪ್ ಮುಂಚೆಯೋ ಆಮೇಲೋ ಇಳಿಯಿರಿ. ಅಲ್ಲಿ ಖಾತೆ ಬಾಕಿ ಇದ್ದರೆ ತೀರಿಸಿ, ಆದರೆ ನೀವು ಹೋಗಬೇಡಿ, ತಮ್ಮನನ್ನು ಕಳಿಸಿ. ಹಳ್ಳಿಗಳಲ್ಲಿ ಕಿರಾಣಿ ಅಂಗಡಿಯಲ್ಲೇ ಕದ್ದುಮುಚ್ಚಿ ನೈಂಟಿ ಸಿಗುತ್ತದೆ, ಅಲ್ಲಿ ದೂರ ಇರುವುದು ಕಷ್ಟ. ಮನೆಯ ದಿನಸಿ ಬೇರೆಯವರು ತರಲಿ. ಜೇಬಿನಲ್ಲಿ ಕಾಸು ಇಲ್ಲದಿದ್ದರೂ ಯುಪಿಐ ಇದೆಯಲ್ಲ: ಆ್ಯಪ್‌ಗೆ ಸಂಬಳದ ಖಾತೆ ಬಿಟ್ಟು ಸಣ್ಣ ಮೊತ್ತದ ಬೇರೆ ಖಾತೆ ಜೋಡಿಸಿ.

ಕುಡಿಯಬೇಕೆಂಬ ಸೆಳೆತ ಬಂದಾಗ ಅದು ಸಾಮಾನ್ಯವಾಗಿ 15ರಿಂದ 30 ನಿಮಿಷದಲ್ಲಿ ತುದಿ ಮುಟ್ಟಿ ಇಳಿಯುತ್ತದೆ. ಆ ಅರ್ಧ ಗಂಟೆಗೆ ಮಾತ್ರ ಯೋಜನೆ ಬೇಕು. ಹಸಿದಿದ್ದರೆ ಮೊದಲು ತಿನ್ನಿ. ಸಂಜೆ ಆರೂವರೆಯ ಸೆಳೆತದಲ್ಲಿ ಅರ್ಧ ಬರೀ ಹಸಿವು. ನಾಲ್ಕು ಗಂಟೆಗೇ ಹೊಟ್ಟೆ ತುಂಬುವಂಥದ್ದು ತಿಂದವರಿಗೆ ಆ ಹೊತ್ತು ದಾಟುವುದು ಸಲೀಸು. ಒಬ್ಬರಿಗೆ ಫೋನ್ ಮಾಡಿ. ಜಾಗ ಬಿಟ್ಟು ಏಳಿ.

ಗುಂಪು ಬೇಕೇಬೇಕು, ಯಾವುದಾದರೊಂದು. ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ; ಮೊದಲ ಸಭೆಯೇ ಹಿಡಿಸದಿದ್ದರೆ ಬೇರೆ ಗುಂಪಿನಲ್ಲಿ ಇನ್ನೆರಡು ಮೂರು ನೋಡಿ. ಮನೆಯವರಿಗೆ ಅಲ್-ಅನಾನ್ ಇದೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ರಾಜ್ಯದ ಹಳ್ಳಿಹಳ್ಳಿಗಳಲ್ಲಿ ನಡೆಯುತ್ತವೆ. ಶಿಬಿರ ಮುಗಿಸಿದವರು ಆಮೇಲೂ ಸೇರುತ್ತಿರಲೆಂದು ನವಜೀವನ ಸಮಿತಿಗಳಿವೆ. ಶಿಬಿರದ ಹಾರ ತುರಾಯಿಯ ದಿನಕ್ಕಿಂತ ಆ ಸಮಿತಿಯ ಸಭೆ ಮುಖ್ಯ. ಶಿಬಿರಕ್ಕೆ ಹೋಗಿ ಸಮಿತಿಗೆ ಹೋಗದವರು ಮತ್ತೆ ಬಾರಿನ ದಾರಿ ಹಿಡಿಯುವ ಅಪಾಯ ಜಾಸ್ತಿ.

ಮೊದಲ ವರ್ಷದ ಬಲೆಗಳು ಗೊತ್ತಿರುವಂಥವೇ: ಸಂಬಳದ ದಿನ, ಬೀಗರ ಊಟ, ಊರಬ್ಬ, ತಿಥಿಯ ಮರುದಿನದ ಬಾಡೂಟ, ಎಲೆಕ್ಷನ್, ಡಿಸೆಂಬರ್ 31. ಅಯ್ಯಪ್ಪನ ಮಾಲೆ ತೆಗೆಯುವ ದಿನವನ್ನು ಪ್ರತ್ಯೇಕವಾಗಿ ಗುರುತು ಹಾಕಿಕೊಳ್ಳಿ. 41 ದಿನ ಬಾಯಿಗೆ ಹನಿ ಹಾಕದವರು ಶಬರಿಮಲೆಯಿಂದ ಇಳಿದ ವಾರವೇ ಹಳೆಯ ಅಳತೆಗೆ ಕುಡಿಯುತ್ತಾರೆ. ದೇಹದ ತಾಳಿಕೆ ಅಷ್ಟರಲ್ಲಿ ಇಳಿದಿರುತ್ತದೆ, ಅದೇ ಕ್ವಾರ್ಟರ್ ಈಗ ಎರಡರಷ್ಟು ಏರುತ್ತದೆ, ಕೆಳಗೆ ಬೈಕ್ ಕಾಯುತ್ತಿರುತ್ತದೆ. ಸಮಾರಂಭಕ್ಕೆ ಹೋಗಲೇಬೇಕಾದರೆ ಮುಯ್ಯಿ ಮಾಡಿ, ಉಂಡು, ಮೊದಲ ಪಂಕ್ತಿಯಲ್ಲೇ ಎದ್ದು ಬನ್ನಿ. "ಒಂದೇ ಒಂದು ತಗೊಳ್ಳೋ ಮಾರಾಯ" ಎನ್ನುವವರಿಗೆ ವ್ಯಾಖ್ಯಾನ ಬೇಡ: "ಡಾಕ್ಟರ್ ಮಾತ್ರೆ ಕೊಟ್ಟಿದಾರೆ, ಕುಡಿದ್ರೆ ಆಸ್ಪತ್ರೆಗೇ" ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ.

ಎಡವಿದರೆ ಮೊದಲ ಕೆಲಸ ಕೀ ಕೊಡುವುದು. ಎರಡನೆಯದು ಅದೇ ದಿನ ಒಬ್ಬರಿಗೆ ಹೇಳುವುದು. ಒಂದು ಸಂಜೆ ಕುಡಿದದ್ದಕ್ಕೆ ಆರು ತಿಂಗಳ ಕೆಲಸ ನೀರುಪಾಲಾಗುವುದಿಲ್ಲ. "ಹೇಗೂ ಕೆಟ್ಟಾಯ್ತು" ಎಂದು ಮುಂದಿನ ಹತ್ತು ದಿನ ಕುಡಿದರೆ ಮಾತ್ರ ಆಗುತ್ತದೆ. ಡೈಸಲ್ಫಿರಾಮ್ ಮೇಲೆ ಕುಡಿದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ, ಮಾತ್ರೆಯ ಹೆಸರು ಹೇಳಿ.

ಮತ್ತೆ ಸ್ಟೇರಿಂಗ್ ಹಿಡಿಯುವ ಮುನ್ನ

ಕೀ ವಾಪಸ್ ಕೊಡುವ ದಿನವನ್ನು ಕೀ ಇಟ್ಟುಕೊಂಡವರು ತೀರ್ಮಾನಿಸಲಿ. ಅಮಾನತಿನ ಅವಧಿ ಮುಗಿದಿರುವುದು ಒಂದೇ ಸಾಲದು. ಮೂರು ತಿಂಗಳು ಕುಡಿಯದೆ ಕಳೆದಿರಬೇಕು, ಕೈ ನಡುಕ, ನಿದ್ದೆಗೇಡು ನಿಂತಿರಬೇಕು, ಮಂಪರು ತರುವ ಮಾತ್ರೆ ವೈದ್ಯರೇ ನಿಲ್ಲಿಸಿರಬೇಕು. ಮಾತಿಗಿಂತ ಕಾಗದ ಬೇಕು ಎನ್ನುವ ಮನೆಯವರಿಗೆ, ಮಾಲೀಕರಿಗೆ ಲಿವರ್‌ನ ಒಂದು ಕಿಣ್ವವನ್ನು ಅಳೆಯುವ ಜಿಜಿಟಿ ರಕ್ತಪರೀಕ್ಷೆ ಇದೆ: ಕುಡಿತ ನಿಲ್ಲಿಸಿದ ಕೆಲವು ವಾರಗಳಲ್ಲಿ ಈ ಅಂಕಿ ಇಳಿಯುತ್ತದೆ. ಆದರೆ ಫ್ಯಾಟಿ ಲಿವರ್, ಕೆಲವು ಫಿಟ್ಸ್ ಮಾತ್ರೆಗಳಿಂದಲೂ ಅದು ಏರುತ್ತದೆ. ಹಾಗಾಗಿ ಒಂದು ರಿಪೋರ್ಟ್ ಹಿಡಿದು ಜಗಳಕ್ಕೆ ನಿಲ್ಲಬೇಡಿ. ಎರಡು ಮೂರು ತಿಂಗಳಿಗೊಮ್ಮೆ ಮಾಡಿಸಿ ಸಾಲಾಗಿ ನೋಡಿ.

ಲೈಸೆನ್ಸ್ ಅಮಾನತಾದವರು ಚಾಲಕರ ರಿಫ್ರೆಶರ್ ತರಬೇತಿ ಮುಗಿಸಬೇಕು. ಯಾವ ಶಾಲೆಯ ಪ್ರಮಾಣಪತ್ರ ಒಪ್ಪುತ್ತಾರೆಂದು ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಂಡು ಸೇರಿ. ಪರಿವಾಹನ್ ಜಾಲತಾಣದಲ್ಲಿ ಲೈಸೆನ್ಸ್ ಸ್ಥಿತಿ ಚಾಲ್ತಿ ಎಂದು ತೋರಿಸುತ್ತಿದೆಯೇ ನೋಡಿ. ಕೈಗೆ ಕಾರ್ಡ್ ಬಂದಿದ್ದರೂ ದಾಖಲೆಯಲ್ಲಿ ಅಮಾನತು ಹಾಗೇ ಉಳಿದಿದ್ದರೆ ತೊಂದರೆ ನಿಮಗೇ. ಈ ಮಧ್ಯೆ ವಿಮೆ, ಹೊಗೆ ಪರೀಕ್ಷೆ ಮುಗಿದಿರುವುದು ಸಾಮಾನ್ಯ, ಅವನ್ನೂ ಮಾಡಿಸಿ. ಲೈಸೆನ್ಸಿನ ಅವಧಿಯೇ ಮುಗಿದಿದ್ದರೆ ಮುಗಿದ ದಿನದಿಂದ ಒಂದು ವರ್ಷದೊಳಗೆ ನವೀಕರಣಕ್ಕೆ ಅರ್ಜಿ ಹಾಕಿ. ವರ್ಷ ದಾಟಿದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕಾಗುತ್ತದೆ.